ಹಿತ್ತಲ ಶೆಡ್ಡಿನ ಒಲೆ

ನಮ್ಮ ಮನೆಯಲ್ಲಿ ಗ್ಯಾಸ್ ಇದೆ. ಚಹಾ, ಅನ್ನ, ಸಾರು ಎಲ್ಲ ಅದರ ಮೇಲೆಯೇ ಆಗುತ್ತವೆ. ರೊಟ್ಟಿ ಮಾತ್ರ ಇವತ್ತಿಗೂ ಕಟ್ಟಿಗೆಯ ಒಲೆಯ ಮೇಲೆ. ಗ್ಯಾಸಿನ ಮೇಲೆ ಬೇಯಿಸಿದ ರೊಟ್ಟಿಯನ್ನು ನಮ್ಮ ಅತ್ತೆ ಮುರಿದು, ಮೂಸಿ ನೋಡಿ, ತಾಟಿನ ಅಂಚಿಗೆ ಸರಿಸಿಬಿಡುತ್ತಾರೆ. ಹಾಗಾಗಿ ಬೆಳಗ್ಗೆ ನಾನು ಮಾಡುವ ಮೊದಲ ಕೆಲಸ ಒಲೆ ಹೊತ್ತಿಸುವುದು. ಬೂದಿ ತೆಗೆದು, ಸಗಣಿಯ ಕುಳ್ಳು ಮುರಿದಿಟ್ಟು, ಮೇಲೆ ಒಂದೆರಡು ಜಾಲಿಕಟ್ಟಿಗೆ. ಅದು ಹಿಡಿದುಕೊಂಡು ಕೆಂಡ ಬೀಳುವ ಹೊತ್ತಿಗೆ ಹಿತ್ತಲ ಬಾಗಿಲ ಚಿಲಕ ತೆಗೆಯುತ್ತಿದ್ದೆ. ಅಕ್ಕ ಅಲ್ಲಿ ನಿಂತಿರುತ್ತಿದ್ದಳು, ಕೈಯಲ್ಲಿ ಒಂದು ಚೂರು ಕುಳ್ಳು ಹಿಡಿದುಕೊಂಡು. ನಾನು ಇಕ್ಕಳದಿಂದ ಕೆಂಡವೊಂದನ್ನು ಎತ್ತಿ ಅದರ ಮೇಲೆ ಇಡುತ್ತಿದ್ದೆ. ಅವಳು ಸೆರಗನ್ನು ಹಿಂದಕ್ಕೆ ಸಿಕ್ಕಿಸಿಕೊಂಡು, ಮೆಲ್ಲಗೆ ಊದುತ್ತ, ಹಿತ್ತಲ ಶೆಡ್ಡಿಗೆ ಹೋಗುತ್ತಿದ್ದಳು.

ಅಕ್ಕ ಅಂದರೆ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಜಮಖಂಡಿಯಿಂದ ಬನಹಟ್ಟಿಯ ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅವರಿಬ್ಬರೂ ಇಲ್ಲಿರಲಿಲ್ಲ. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಚೆನ್ನಾಗಿದೆ ಎಂದು ನಮ್ಮ ಭಾವ ಹೆಂಡತಿಯನ್ನು ಕರೆದುಕೊಂಡು ಅತ್ತ ಹೋಗಿದ್ದರು. ಹಬ್ಬಕ್ಕೆ ಬರುತ್ತಿದ್ದರು, ಹೋಗುತ್ತಿದ್ದರು. ಮಗಳು ಹುಟ್ಟಿದಳು, ಬೆಳೆದಳು, ಅಲ್ಲೇ ಮದುವೆಯಾದಳು. ಆಮೇಲೆ ಭಾವ ದುಡಿಯುತ್ತಿದ್ದ ಶೆಡ್ಡಿನ ಮಗ್ಗಗಳು ನಿಂತವು. ಆಮೇಲೆ ಭಾವ ಕಾಯಿಲೆ ಬಿದ್ದರು. ಆಮೇಲೆ ಅವರೂ ಇಲ್ಲವಾದರು.

ಅಕ್ಕ ಒಂದು ಟೆಂಪೋದಲ್ಲಿ ಬಂದಳು. ಒಂದು ಟ್ರಂಕು, ಒಂದು ಹಾಸಿಗೆಯ ಗಂಟು, ಒಂದು ಕಲ್ಲಿನ ಒರಳು. ಒರಳು ಯಾಕೆ ತಂದಳೋ, ಇಲ್ಲಿ ಎರಡಿದ್ದವು. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ಅತ್ತೆ ಒಳಗಿನಿಂದಲೇ "ಸಣ್ಣಾಕಿ, ಕಾಲಿಗೆ ನೀರ ಕೊಡು" ಎಂದರು. ಕೊಟ್ಟೆ. ಯಾರೂ ಅಳಲಿಲ್ಲ. ಅಳುವುದೆಲ್ಲ ಇಚಲಕರಂಜಿಯಲ್ಲೇ ಮುಗಿದಿತ್ತೋ, ಇನ್ನೂ ಶುರುವಾಗಬೇಕಿತ್ತೋ ನನಗೆ ತಿಳಿಯಲಿಲ್ಲ. ಚಹಾ ಮಾಡಿದೆ. ಸಕ್ಕರೆ ಹೆಚ್ಚಾಗಿತ್ತು. ಯಾರೂ ಹೇಳಲಿಲ್ಲ, ನಾನು ಕುಡಿದಾಗ ತಿಳಿಯಿತು.

ಕೆಲವು ದಿನ ಎಲ್ಲರೂ ಒಟ್ಟಿಗೆ ಉಂಡೆವು. ಆಮೇಲೆ ಅಕ್ಕ ಹಿತ್ತಲ ಶೆಡ್ಡನ್ನು ಕೇಳಿದಳು. ಹಿಂದೆ ಅಲ್ಲಿ ಎರಡು ಮಗ್ಗಗಳಿದ್ದವು. ಅವು ಹೋದ ಮೇಲೆ ನೂಲು ಸುತ್ತುವ ಹಳೆಯ ಬೀಮು, ಹರಿದ ಚೀಲ, ಇಲಿ. ಅವಳೇ ಗುಡಿಸಿದಳು, ಅವಳೇ ಸುಣ್ಣ ಬಳಿದಳು. ನಮ್ಮ ಮನೆಯಲ್ಲಿ ಉಳಿದಿದ್ದ ಮಗ್ಗಗಳಿಗೂ ಪಕ್ಕದ ಓಣಿಯ ಮಗ್ಗಗಳಿಗೂ ಕಂಡಿಕೆ ಸುತ್ತಿಕೊಡಲು ಶುರುಮಾಡಿದಳು. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಅದು. ಒಂದು ದಿನ ಕೆರೆಯ ದಂಡೆಯಿಂದ ಮಣ್ಣು ಹೊತ್ತು ತಂದು, ಹೊಟ್ಟು ಕಲಸಿ, ಮೂಲೆಯಲ್ಲಿ ಒಲೆ ಹೂಡಿದಳು.

ಅತ್ತೆಗೆ ಆ ಒಲೆ ಕಂಡ ದಿನ ಮನೆಯಲ್ಲಿ ಮಾತು ನಡೆಯಿತು.

"ದೊಡ್ಡಾಕಿ, ಏನಿದು?"

"ನಾ ಉಣ್ಣೂ ಹೊತ್ತು ನಿಮ್ಮ ಹೊತ್ತಿಗೆ ಕೂಡಂಗಿಲ್ರಿ ಅತ್ತಿ. ಕಂಡಿಕಿ ಮುಗಿಸಿ ಏಳೂದ್ರಾಗ ಸಣ್ಣಾಕಿ ನನ್ನ ಸಲವಾಗಿ ಕಾದು ಕುಂತಿರ್ತಾಳ."

"ಕಾಯ್ಲಿ. ಕಾದ್ರ ಆಕಿ ಕಾಲೇನು ಸವಿತಾವ? ಎರಡ ಒಲಿ ಹೂಡಿದ್ರ ಓಣ್ಯಾಗ ಏನಂತಾರ? ಗಂಡ ಸತ್ತಾಕಿನ್ನ ಬ್ಯಾರೆ ಇಟ್ರು ಅಂತಾರ. ಮನಿ ಒಡೀತು ಅಂತಾರ."

ಅಕ್ಕ ತಲೆ ತಗ್ಗಿಸಿ ನಿಂತಳು, ಆದರೆ ಒಲೆ ಕೆಡವುತ್ತೇನೆ ಎನ್ನಲಿಲ್ಲ. ಅತ್ತೆ ಬಹಳ ಹೊತ್ತು ಅಡಕೆಯನ್ನು ಬಾಯಿಯಲ್ಲೇ ಆಡಿಸಿದರು. ಕೊನೆಗೆ ಅವರೇ ದಾರಿ ಹುಡುಕಿದರು.

"ಆತು. ಒಲಿ ಇರ್ಲಿ. ಆದ್ರ ಅಲ್ಲಿ ಕಡ್ಡಿ ಕೊರಿಯೂದು ಬ್ಯಾಡ. ದಿನಾ ಬೆಂಕಿ ಒಳಗಿಂದ ಒಯ್ಯಿ. ಬೆಂಕಿ ಒಂದ ಇದ್ರ ಒಲಿ ಒಂದ."

ನಮ್ಮ ಕಡೆ ಇದು ಅತ್ತೆ ಹೊಸದಾಗಿ ಹುಟ್ಟಿಸಿದ್ದೇನಲ್ಲ. ಒಂದೇ ಅಂಗಳದಲ್ಲಿ ಎರಡು ಕಡೆ ಅಡಿಗೆಯಾಗುವ ಮನೆಗಳು ಈ ಓಣಿಯಲ್ಲಿ ಇನ್ನೂ ಇವೆ. ಎಲ್ಲರಿಗೂ ಗೊತ್ತು, ಯಾರೂ ಬೇರೆ ಎನ್ನುವುದಿಲ್ಲ. ದೊಡ್ಡ ಒಲೆಯಿಂದ ಕೆಂಡ ಹೋಗುತ್ತದೆ, ಅಷ್ಟಕ್ಕೆ ಮನೆ ಒಂದೇ ಎಂದು ಲೆಕ್ಕ. ಅಂದಿನಿಂದ ಅಕ್ಕ ಕುಳ್ಳು ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬರತೊಡಗಿದಳು. ಮಳೆಗಾಲದಲ್ಲಿ ಕೆಂಡದ ಮೇಲೆ ಒಂದು ಬೋಗುಣಿ ಡಬ್ಬು ಹಾಕಿಕೊಂಡು ಒಯ್ಯುತ್ತಿದ್ದಳು.

ಸರ್ಕಾರದ ಸರ್ವೇ ಬರುತ್ತದೆ ಎಂದು ವಾರ್ಡಿನಲ್ಲಿ ಮೊದಲೇ ಸುದ್ದಿಯಿತ್ತು. ಪ್ರತಿ ಮನೆಗೂ ಬಂದು ಬರೆದುಕೊಂಡು, ಬಾಗಿಲಿಗೆ ನಂಬರಿನ ಚೀಟಿ ಅಂಟಿಸಿ ಹೋಗುತ್ತಾರಂತೆ. ಅಕ್ಕ ರೇಷನ್ ಕಾರ್ಡಿಗೆಂದು ಒಂದೆರಡು ಸಲ ಓಡಾಡಿ ಬರಿಗೈಲಿ ಬಂದಿದ್ದಳು. ಇಚಲಕರಂಜಿಯ ಕಾರ್ಡಿನಿಂದ ಹೆಸರು ತೆಗೆದಿದ್ದರು, ಇಲ್ಲಿಯದಕ್ಕೆ ಸೇರಿರಲಿಲ್ಲ. ಸರ್ವೇಯಲ್ಲಿ ಬೇರೆ ಕುಟುಂಬ ಎಂದು ಬಂದರೆ ಮುಂದಿನದಕ್ಕೆಲ್ಲ ದಾರಿಯಾಗುತ್ತದೆ ಎಂದು ಯಾರೋ ಹೇಳಿ ಕಳಿಸಿದ್ದರು. ಅವಳು ಅದನ್ನು ನನಗೆ ಹೇಳಿದ್ದು ನೂಲು ಸುತ್ತುತ್ತ, ಬೇರೆ ಯಾರದೋ ವಿಷಯ ಹೇಳಿದ ಹಾಗೆ.

ಬಂದವರು ಮುಧೋಳ ಕಡೆಯ ಒಬ್ಬ ಶಾಲೆಯ ಟೀಚರ್. ಬಸ್ಸಿಳಿದು ಬಿಸಿಲಲ್ಲೇ ಓಣಿಯಿಂದ ಓಣಿಗೆ ನಡೆದಿದ್ದರು. ನೀರು ಕುಡಿದು, ಕಟ್ಟೆಯ ಮೇಲೆ ಅತ್ತೆಯ ಎದುರು ಕೂತು ಮೊಬೈಲ್ ತೆಗೆದರು. ಇವರು, ಅಂದರೆ ನನ್ನ ಗಂಡ, ಮಗ್ಗದ ಹತ್ತಿರ ಇದ್ದರು. ನಾನು ಹೊಸ್ತಿಲಲ್ಲಿ, ಅಕ್ಕ ನನ್ನ ಹಿಂದೆ ಕಂಬಕ್ಕೆ ಆತು ನಿಂತಿದ್ದಳು.

"ಅಜ್ಜೀ, ನಿಮ್ಮ ವಯಸ್ಸೆಷ್ಟರಿ?"

"ನೀನ ಒಂದ ಬರಕೊ ತಾಯಿ, ನಾ ಮುರಿಯಂಗಿಲ್ಲ."

"ಎಂಬತ್ತು ಬರೀಲೇನ್ರಿ?"

"ಎಂಬತ್ತ ಬ್ಯಾಡ, ಮುದುಕಿ ಅಂತಾರ. ಎಪ್ಪತ್ತೆಂಟ ಬರಿ."

ಟೀಚರ್ ನಕ್ಕರು. ಟಿವಿ ಇದೆಯೇ, ಗಾಡಿ ಇದೆಯೇ, ಫ್ರಿಜ್ ಇದೆಯೇ ಎಂದು ಕೇಳಿದರು. "ಐತಿ, ಆದ್ರ ನೀರ ತಣ್ಣಗ ಆಗಂಗಿಲ್ಲ. ಅದನ್ನೂ ಬರಿ" ಎಂದರು ಅತ್ತೆ. ಅದಕ್ಕೆ ಜಾಗ ಇಲ್ಲವಂತೆ.

ಆಮೇಲೆ ಟೀಚರ್ ಕೇಳಿದರು, "ಒಂದ ಒಲಿ ಮ್ಯಾಲ ಮಾಡಿ ಉಣ್ಣೋರು ಒಂದ ಕುಟುಂಬ ಅಂತ ಹಿಡೀತೀವ್ರಿ. ಈ ಮನ್ಯಾಗ ಎಷ್ಟ ಒಲಿ ಅದಾವು?"

ಅತ್ತೆ ಕಣ್ಣು ಮಿಟುಕಿಸಲಿಲ್ಲ. "ಒಂದ."

ಟೀಚರ್ ನನ್ನ ಹಿಂದೆ ನೋಡಿದರು. "ಇವರು?"

"ಹಿರಿ ಸೊಸಿ."

"ಇಲ್ಲೇ ಇರ್ತಾರೇನ್ರಿ? ಆರ ತಿಂಗಳ ಮ್ಯಾಲ ಆಗೇತೇನ್ರಿ?"

"ಮನಿ ಸೊಸಿ ಮನ್ಯಾಗ ಇರದ ಎಲ್ಲಿ ಇರ್ತಾಳ? ಎಷ್ಟ ತಿಂಗಳಾತು ಅಂತ ಕೇಳಾಕ ಆಕಿ ಏನ ಬಾಡಿಗಿಗೆ ಬಂದಾಳೇನು?"

ಟೀಚರ್ ಬೆರಳಾಡಿಸಿ ಏನೋ ಒತ್ತಿದರು. ಅಕ್ಕ ನಮ್ಮ ಕುಟುಂಬದಲ್ಲಿ ಒಂದು ಸಾಲಾಗಿ ಸೇರಿದಳು. ಹೊರಗಿನವರ ಎದುರು ಅತ್ತೆಯ ಮಾತಿಗೆ ಎದುರಾಡುವುದನ್ನು ನಾನಂತೂ ಅಲ್ಲಿಯವರೆಗೆ ಈ ಮನೆಯಲ್ಲಿ ಕಂಡಿರಲಿಲ್ಲ. ಆದರೆ ಮೊಬೈಲು ಮುಂದಕ್ಕೆ ಹೋಗಲಿಲ್ಲ. ನಮ್ಮ ಓಣಿಯಲ್ಲಿ ಮಗ್ಗಗಳ ಗದ್ದಲದೊಳಗೆ ಫೋನೇ ಕೇಳುವುದಿಲ್ಲ, ನೆಟ್‌ವರ್ಕ್ ಇನ್ನೆಲ್ಲಿಂದ ಬರಬೇಕು. ಟೀಚರ್ ಅಂಗಳದಲ್ಲಿ ಕೈ ಎತ್ತಿ ಹಿಡಿದರು, ಮಾಳಿಗೆಗೆ ಹತ್ತಿದರು. ಕೊನೆಗೆ "ನಾಳಿ ಬಂದು ಮುಗಿಸ್ತೀನ್ರಿ, ಇನ್ನೂ ಕಳಿಸಿಲ್ಲ ಇದನ್ನ" ಎಂದು ಹೋದರು.

ಆ ಮಧ್ಯಾಹ್ನ ಶೆಡ್ಡಿನಲ್ಲಿ ಅಕ್ಕನ ಜೊತೆ ನೂಲಿನ ಲಡಿ ಬಿಡಿಸುತ್ತ ಕೂತೆ. ಅವಳ ಅಣ್ಣ ಕಳಿಸಿದ್ದ ಸವತೆಕಾಯಿಗಳು ಮೂಲೆಯಲ್ಲಿದ್ದವು. ಅವಳ ತವರು ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಒಂದು ಊರು. ಈಗ ಆ ಊರಿಲ್ಲ, ಡ್ಯಾಮಿನ ಹಿನ್ನೀರಿನಲ್ಲಿದೆ. ಊರವರಿಗೆ ಗುಡ್ಡದ ಮೇಲೆ ಪುನರ್ವಸತಿ ಕೇಂದ್ರ ಕಟ್ಟಿಕೊಟ್ಟರು. ಬೇಸಿಗೆಯಲ್ಲಿ ನೀರು ಸರಿದಾಗ ಅವಳ ಅಣ್ಣ ಇಳಿದು ಹೋಗಿ ತಮ್ಮ ಹಳೆಯ ಹೊಲದ ಹಸಿಮಣ್ಣಿನಲ್ಲಿ ಸವತೆ ಹಾಕುತ್ತಾನೆ. ನೀರು ಬರುವುದರೊಳಗೆ ಕಿತ್ತುಕೊಂಡು ಮೇಲೆ ಬರುತ್ತಾನೆ.

ಅಕ್ಕ ಕೈ ನಿಲ್ಲಿಸದೆ ಹೇಳಿದಳು.

"ನಮ್ಮ ಸೋದರತ್ತಿ ಒಬ್ಬಾಕಿ ಇದ್ಲು. ಗಂಡ ಸತ್ತ ಮ್ಯಾಲ ತವರಿಗೆ ಬಂದಾಕಿ. ದನದ ಕೊಟ್ಟಿಗಿ ಬಾಜೂಕ ತನ್ನದೊಂದ ಒಲಿ ಮಾಡ್ಕೊಂಡಿದ್ಲು. ನೀರ ಬರತೈತಿ, ಊರ ಎಬ್ಬಸ್ತೀವಿ ಅಂದಾಗ ಸರ್ಕಾರದವರು ಮನಿ ಎಣಸಾಕ ಬಂದ್ರು. ನಮ್ಮ ಆಯಿ, ಅಪ್ಪನ ಅವ್ವ, ಕಟ್ಟಿ ಮ್ಯಾಲ ಕುಂತು ಒಂದ ಒಲಿರಿ ಅಂದ್ಲು. ಮಂದಿ ಮುಂದ ನಮ್ಮ ಮನಿ ಒಡದೈತಿ ಅಂತ ಹ್ಯಾಂಗ ಹೇಳ್ತಾಳ?"

"ಹೂಂ."

"ಮುಂದ ಗುಡ್ಡದ ಮ್ಯಾಲ ಜಾಗಾ ಹಂಚಿದ್ರು. ಒಂದ ಒಲಿಗೆ ಒಂದ ಜಾಗಾ. ನಮ್ಮಪ್ಪಗ ಸಿಕ್ತು. ಆಕಿಗೆ ಇಲ್ಲ."

"ಆಮ್ಯಾಲ ಆಕಿ ಎಲ್ಲಿದ್ಲು?"

"ಎಲ್ಲಾರ ಮನ್ಯಾಗೂ ಇದ್ಲು. ನಾಕ ದಿನ ಇಲ್ಲಿ, ನಾಕ ದಿನ ಅಲ್ಲಿ. ಛಲೋ ನೋಡ್ಕೊಂಡ್ರು, ಅದು ಖರೆ. ಉಣ್ಣ ಬಾ ಅಂತ ಕರದ್ರು. ಆದ್ರ ಸಾಯೂತನಕ ಆಕಿ ತನ್ನ ಒಲಿ ಮುಂದ ಕುಂತು ಒಂದ ರೊಟ್ಟಿ ಬಡೀಲಿಲ್ಲ." ಕಡಿದ ನೂಲನ್ನು ಬೆರಳಲ್ಲಿ ಹೊಸೆದು ಕೂಡಿಸಿದಳು. "ಇಚಲಕರಂಜ್ಯಾಗ ಒಮ್ಮಿ ಮನಿ ಎಣಸಾವ್ರು ಕೇಳಾಕ ಬಂದಿದ್ರು. ನೀವು ಕರ್ನಾಟಕದವರು, ನಿಮ್ಮದು ಅಲ್ಲೇ ಬರಕೊಂಡಿರ್ತಾರ ಅಂದ ಹೋದ್ರು. ಇಲ್ಲಿ ಕೇಳಾಕ ಬಂದಾಗ ಅತ್ತಿ, ಹಿರಿಯಾಂವ ಹೊರಗಿರ್ತಾನ ಅಂದಿದ್ರಂತ."

ಅಂದಿದ್ದರು. ನನಗೂ ನೆನಪಿತ್ತು. ಅದು ಸುಳ್ಳೂ ಆಗಿರಲಿಲ್ಲ, ಅವರು ಹೊರಗೇ ಇದ್ದರಲ್ಲ.

"ಯಕ್ಕಾ, ನಾಳಿ ಟೀಚರ್ ಬಂದ್ರ ನಾ ಹೇಳ್ತೀನಿ ತಗೋ, ಎರಡ ಒಲಿ ಅದಾವು ಅಂತ."

ಅವಳು ಮೊದಲ ಸಲ ತಲೆ ಎತ್ತಿದಳು. "ನೀ ಹೇಳಬ್ಯಾಡ ಬೇ. ನೀ ಹೇಳಿದ್ರ ನೀ ನನ್ನ ಹೊರಗ ಹಾಕಿದಂಗ ಆಗತೈತಿ. ಅತ್ತಿ ಸಾಯೂತನಕ ನಿನಗ ಅಂತಾರ."

ಲಡಿ ಬಿಡಿಸುವುದು ಮುಗಿದಿರಲಿಲ್ಲ, ಬಿಡಿಸಿದೆವು. ಸಂಜೆ ಸವತೆಕಾಯಿ ಹೆಚ್ಚಿ ಮೊಸರಿಗೆ ಹಾಕಿದೆ. ಅತ್ತೆ ಎರಡು ಸಲ ಹಾಕಿಸಿಕೊಂಡರು.

ಮರುದಿನ ಬೆಳಗ್ಗೆ ಅಕ್ಕ ಎಂದಿನಂತೆ ಬಂದು ಕೆಂಡ ಒಯ್ದಳು.

ಟೀಚರ್ ಬಂದಾಗ ರೊಟ್ಟಿಯ ಹೊತ್ತು ಕಳೆದಿತ್ತು. ಅವರು ಓಣಿಯ ಮೂಲೆಯಲ್ಲಿ ನೆಟ್‌ವರ್ಕ್ ಸಿಗುವ ಒಂದು ಜಾಗ ಕಂಡುಹಿಡಿದಿದ್ದರು. ಇಲ್ಲಿ ಒಮ್ಮೆ ಓದಿ ಹೇಳುತ್ತೇನೆ, ಸರಿಯಿದ್ದರೆ ಅಲ್ಲಿ ಹೋಗಿ ಕಳಿಸುತ್ತೇನೆ ಎಂದರು. ಅತ್ತೆ ಕಟ್ಟೆಯ ಮೇಲೆ ಅದೇ ಜಾಗದಲ್ಲಿ ಕೂತಿದ್ದರು. ಟೀಚರ್ ಓದಿದರು. ಮನೆಯ ಯಜಮಾನ ಇವರು, ತಾಯಿ, ಹೆಂಡತಿ. ಅಣ್ಣನ ಹೆಂಡತಿ ಎಂಬಲ್ಲಿಗೆ ಬಂದಾಗ ಅಕ್ಕ ಕಂಬ ಬಿಟ್ಟು ಮುಂದೆ ಬಂದಳು. ತಲೆಯ ಮೇಲೆ ಸೆರಗಿತ್ತು. ದನಿ ದೊಡ್ಡದೇನೂ ಇರಲಿಲ್ಲ.

"ಟೀಚರ್ರ, ಅದರಾಗಿಂದ ನನ್ನ ತಗೀರಿ. ನನ್ನ ಒಲಿ ಬ್ಯಾರೆ ಐತ್ರಿ."

ಪಕ್ಕದ ಮನೆಯ ಮಗ್ಗಗಳು ನಡೆಯುತ್ತಲೇ ಇದ್ದವು. ಅತ್ತೆ ಅಡಕೆ ಅಗಿಯುವುದನ್ನು ನಿಲ್ಲಿಸಿದರು.

"ದೊಡ್ಡಾಕಿ. ಮುಂಜಾನಿ ಬೆಂಕಿ ಎಲ್ಲಿಂದ ಒಯ್ದಿ?"

"ನಿಮ್ಮ ಒಲ್ಯಾಗಿಂದ್ರಿ."

"ಮತ್ತ?"

"ಬೆಂಕಿ ನಿಮ್ಮದ್ರಿ ಅತ್ತಿ. ಇಲ್ಲ ಅನ್ನಂಗಿಲ್ಲ. ಒಲಿ ನಂದು."

ಟೀಚರ್ ಇಬ್ಬರನ್ನೂ ನೋಡಿದರು, ಆಮೇಲೆ ನನ್ನನ್ನು. ನಾನು ಬಾಗಿಲ ಚೌಕಟ್ಟನ್ನು ನೋಡಿದೆ. ಅಲ್ಲಿ ಮಾವಿನೆಲೆ ಒಣಗಿತ್ತು, ತೆಗೆಯಬೇಕಿತ್ತು. ಟೀಚರ್ ಎದ್ದು "ಒಮ್ಮಿ ನೋಡಬಹುದೇನ್ರಿ?" ಎಂದು ಕೇಳಿ ಅಕ್ಕನ ಹಿಂದೆ ಹಿತ್ತಲಿಗೆ ಹೋದರು. ನಾನೂ ಹೋದೆ. ಶೆಡ್ಡಿನಲ್ಲಿ ಒಲೆ ಇನ್ನೂ ಬೆಚ್ಚಗಿತ್ತು. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿದ ಎರಡು ರೊಟ್ಟಿ, ಒಂದು ವಾಟಗದಲ್ಲಿ ಬೇಳೆ. ಅಷ್ಟು ನೋಡಿ ಅವರು ಅಲ್ಲೇ ಇದ್ದ ಕಂಡಿಕೆಯ ಬುಟ್ಟಿಯ ಪಕ್ಕ ಕೂತು ಹೊಸದಾಗಿ ಶುರುಮಾಡಿದರು.

"ಮನಿ ಯಜಮಾನರ ಹೆಸರ ಹೇಳ್ರಿ."

ಅಕ್ಕ ತನ್ನ ಹೆಸರು ಹೇಳಿದಳು. ಬಹಳ ವರ್ಷಗಳ ಮೇಲೆ ಅವಳ ಬಾಯಲ್ಲಿ ಆ ಹೆಸರು ಕೇಳಿದೆ. ನಮ್ಮ ಮನೆಯಲ್ಲಿ ಅವಳು ದೊಡ್ಡಾಕಿ, ನನಗೆ ಅಕ್ಕ.

"ಕುಟುಂಬದಾಗ ಮತ್ಯಾರು?"

"ಮತ್ಯಾರೂ ಇಲ್ರಿ."

"ಹುಟ್ಟಿದ ಊರು?"

ಊರಿನ ಹೆಸರು ಹೇಳಿದಳು. ಟೀಚರ್ ಮೊಬೈಲಿನಲ್ಲಿ ಹುಡುಕಿದರು, ಮೇಲಕ್ಕೆ, ಕೆಳಕ್ಕೆ. "ಆ ಊರು ಇದರಾಗ ಬರವಲ್ದು ಅಕ್ಕಾರ."

"ಬರಂಗಿಲ್ರಿ. ನೀರಾಗ ಐತಿ."

"ಮತ್ತ ಏನ ಬರೀಲಿ?"

"ಗುಡ್ಡದ ಮ್ಯಾಲಿಂದು ಬರೀರಿ. ಅಲ್ಲಿ ಹುಟ್ಟಿಲ್ಲ. ನಡೀತೈತಿ."

ಟೀಚರ್ ಹಾಗೇ ಬರೆದರು. ಶೆಡ್ಡಿನ ತಗಡಿನ ಬಾಗಿಲಿಗೆ ಚೀಟಿ ಅಂಟಲಿಲ್ಲ, ತುಕ್ಕಿತ್ತು. ಅಕ್ಕ ಒಳಗಿಂದ ಅರಿವೆ ತಂದು ಒರೆಸಿದಳು. ಆಮೇಲೆ ಅಂಟಿತು. ಟೀಚರ್ ಓಣಿಯ ಮೂಲೆಗೆ ಹೋಗಿ ಎರಡನ್ನೂ ಕಳಿಸಿ, ಅಲ್ಲಿಂದಲೇ ಕೈ ಎತ್ತಿ ತೋರಿಸಿದರು, ಹೋಯಿತು ಎಂದು.

ಇವರು ಮಧ್ಯಾಹ್ನ ಊಟಕ್ಕೆ ಬಂದಾಗ ಕೈ ತೊಳೆಯಲು ಹಿತ್ತಲಿಗೆ ಹೋಗಿ ಚೀಟಿ ಕಂಡರು. ತಂಬಿಗೆ ಹಿಡಿದೇ ಕೇಳಿದರು.

"ಇದೇನ?"

"ಸರ್ವೇದ್ದು. ಯಕ್ಕಂದು ಬ್ಯಾರೆ ಬರಕೊಂಡ್ರು."

"ಯಾರ ಹೇಳಿದ್ರು?"

"ಆಕೀನ."

"ಹೂಂ" ಎಂದು ಕೈ ತೊಳೆದು ಬಂದು ಕೂತರು. ಉಂಡರು. ಪಲ್ಯ ಕೇಳಿದರು, ಹಾಕಿದೆ. ಎದ್ದು ಹೋಗುವಾಗ, "ಅವ್ವ ಉಂಡ್ಲೇನು?" ಎಂದು ಕೇಳಿದರು. ಅತ್ತೆ ಉಂಡಿರಲಿಲ್ಲ. ಹಸಿವಿಲ್ಲ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ರಾತ್ರಿಯೂ ಒಂದು ಲೋಟ ಹಾಲು ಅಷ್ಟೆ. ನನಗೆ ಸಿಟ್ಟು ಬರಬೇಕಿತ್ತು, ಅಥವಾ ಕನಿಕರ. ಎರಡೂ ಬರಲಿಲ್ಲ. ಪಾತ್ರೆ ಬೆಳಗಿ ಡಬ್ಬು ಹಾಕಿದೆ.

ಮರುದಿನ ಬೆಳಗ್ಗೆ ಒಲೆ ಹೊತ್ತಿಸಿ ಹಿಟ್ಟು ನಾದಲು ಅದರ ಮೇಲೆ ಎಸರು ಕಾಯಿಸುತ್ತಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಬಂದರು. ಅಷ್ಟು ಬೇಗ ಅವರು ಏಳುವುದಿಲ್ಲ. ಒಲೆಯ ಮುಂದೆ ಕೂತರು. ಒಳಗಿನ ಕಟ್ಟಿಗೆಯನ್ನು ಹೊರಗೆಳೆದರು. ತಂಬಿಗೆಯ ನೀರನ್ನು ಕೆಂಡದ ಮೇಲೆ ನಿಧಾನಕ್ಕೆ ಹೊಯ್ದರು, ಗಿಡಕ್ಕೆ ಹೊಯ್ದ ಹಾಗೆ. ಚುಂಯ್ ಎಂದು ಬೂದಿ ಎದ್ದು ನನ್ನ ಹಿಟ್ಟಿನ ಪರಾತದ ಮೇಲೆಲ್ಲ ಕೂತಿತು.

ಹಿತ್ತಲ ಬಾಗಿಲ ಚಿಲಕ ನಾನು ಆಗಲೇ ತೆಗೆದಿದ್ದೆ. ಅಕ್ಕ ಅಲ್ಲಿ ನಿಂತಿದ್ದಳು, ಕೈಯಲ್ಲಿ ಕುಳ್ಳಿನ ಚೂರು. ಅವಳು ಬಂದಿದ್ದಳು. ಬರುವುದಿಲ್ಲ ಎಂದುಕೊಂಡಿದ್ದೆ.

ಅವಳು ಒಲೆ ನೋಡಿದಳು, ಅತ್ತೆಯನ್ನು ನೋಡಿದಳು. ಅತ್ತೆ ಅವಳನ್ನು ನೋಡಲಿಲ್ಲ. ಹೊಗೆಗೆ ಮೂವರ ಕಣ್ಣಲ್ಲೂ ನೀರು ಬಂತು. ಹೊಗೆಯೇ, ಬೇರೆ ಏನಲ್ಲ. ಅಕ್ಕ ಹಿಂದಕ್ಕೆ ತಿರುಗಲಿಲ್ಲ, ಮುಂದಕ್ಕೂ ಬರಲಿಲ್ಲ. ಅವಳ ಹತ್ತಿರ ಕಡ್ಡಿಪೆಟ್ಟಿಗೆ ಇರಲಿಲ್ಲ. ಅಲ್ಲಿ ಕಡ್ಡಿ ಕೊರೆಯಬಾರದು ಎಂದ ದಿನದಿಂದ ಅವಳು ಒಂದನ್ನೂ ಕೊಂಡಿರಲಿಲ್ಲ.

ನಾನು ಎದ್ದು ಉಪ್ಪಿನ ಡಬ್ಬಿಯ ಪಕ್ಕದಿಂದ ನಮ್ಮ ಕಡ್ಡಿಪೆಟ್ಟಿಗೆ ತೆಗೆದು ಅವಳ ಕೈಯಲ್ಲಿಟ್ಟೆ. ಅವಳು ಅದನ್ನು ಕುಳ್ಳಿನ ಮೇಲೆಯೇ ಇಟ್ಟುಕೊಂಡು, ದಿನವೂ ಕೆಂಡ ಒಯ್ಯುವಂತೆಯೇ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಶೆಡ್ಡಿನ ತಗಡಿನ ಸಂದಿಯಿಂದ ಹೊಗೆ ಬಂತು.

ಅತ್ತೆ ಅದನ್ನು ಕೂತಲ್ಲಿಂದಲೇ ನೋಡಿದರು. ನಾನು ಗ್ಯಾಸು ಹಚ್ಚಲು ಕಡ್ಡಿ ಹುಡುಕಿದೆ. ಇರಲಿಲ್ಲ, ಇದ್ದದ್ದು ಅದೊಂದೇ. ಒಲೆ ಒದ್ದೆ, ಪರಾತದಲ್ಲಿ ಬೂದಿ, ಇವರು ಏಳುವ ಹೊತ್ತು. ಹಿತ್ತಲಿಗೆ ಹೋದೆ. ಅಕ್ಕ ಒಲೆಯ ಮುಂದೆ ಕೂತು ತವೆ ಇಡುತ್ತಿದ್ದಳು. ನಾನು ಕೇಳುವ ಮೊದಲೇ ಇಕ್ಕಳದಿಂದ ಒಂದು ಕೆಂಡ ತೆಗೆದು, ಒಂದು ಚೂರು ಕುಳ್ಳಿನ ಮೇಲಿಟ್ಟು ನನಗೆ ಕೊಟ್ಟಳು. ಕಡ್ಡಿಪೆಟ್ಟಿಗೆ ಅವಳ ಪಕ್ಕದಲ್ಲೇ ಇತ್ತು. ನಾನು ಅದನ್ನು ಕೇಳಲಿಲ್ಲ.

ಕೆಂಡ ಊದುತ್ತ ಒಳಗೆ ಬಂದೆ. ಅತ್ತೆ ಜಾಗ ಬಿಟ್ಟು ಸರಿದರು. ಒದ್ದೆ ಬೂದಿ ಬಳಿದು, ಹೊಸ ಕುಳ್ಳು ಇಟ್ಟು ಒಲೆ ಹಚ್ಚಿದೆ. ಅದು ಹಿಡಿಯಲು ಬಹಳ ಹೊತ್ತು ತೆಗೆದುಕೊಂಡಿತು. ಅತ್ತೆ ಹೊಸ ಹಿಟ್ಟು ತರಲು ಹೇಳಿದರು. ತಂದೆ. ರೊಟ್ಟಿ ಬಡಿದೆ. ಮೊದಲ ರೊಟ್ಟಿಯನ್ನು ಅವರ ತಾಟಿಗೆ ಹಾಕಿದೆ. ಮುರಿದರು, ಮೂಸಿ ನೋಡಲಿಲ್ಲ. ಅರ್ಧ ಉಂಡ ಮೇಲೆ ಹೇಳಿದರು:

"ಇನ್ನ ಮ್ಯಾಲ ಸಂತ್ಯಾಗ ಕಡ್ಡಿಪೆಟ್ಟಿಗಿ ಎರಡ ತರಸು."